ದೊಡ್ಡಪ್ಪನ ಸಾಲಿಗ್ರಾಮಕ್ಕೆ ನಿಂಬೆರಸ

ಅಡುಗೆಮನೆಯಿಂದ ನಿಂಬೆಹಣ್ಣು ಹಿಂಡಿದ ವಾಸನೆ ಬಂತು. ದೊಡ್ಡಪ್ಪನ ಮುಖ ನೆನಪಾಗಿ ನನ್ನಷ್ಟಕ್ಕೇ ನಕ್ಕೆ.

ನಾನು ಹುಡುಗನಾಗಿದ್ದಾಗ ಕೆಂಗೇರಿ ಹಳ್ಳದ ನೀರಲ್ಲಿ ತಳ ಕಾಣ್ತಿತ್ತು. ಕಲ್ಲಾಗಿ ಉಳಿದ ಬಸವನಹುಳು, ಎಲೆಯ ಅಚ್ಚು ಹುಡುಕೋದರಲ್ಲಿ ನನ್ನ ಮೀರಿಸೋರು ಊರಲ್ಲೇ ಇರಲಿಲ್ಲ. ಒಮ್ಮೆ ಸುರುಳಿ ಸುರುಳಿಯಾದ ಚೆಂದದ ಕಲ್ಲು ಸಿಕ್ತು. ದೊಡ್ಡಪ್ಪ ಅದನ್ನ ಕಿತ್ಕೊಂಡು, "ಸಾಲಿಗ್ರಾಮ ಕಣೋ, ಚಕ್ರ ನೋಡು!" ಅಂತ ದೇವರಮನೆಗೆ ಸೇರಿಸಿಬಿಟ್ಟರು. ವಾಪಸ್ ಕೇಳಿದ್ದಕ್ಕೆ ತಲೆಗೆ ಮೊಟಕಿ, "ಸ್ನಾನ ಮಾಡದ ಕೋತಿ, ಮುಟ್ಟಬೇಡ" ಅಂದರು. ಬಂದೋರಿಗೆಲ್ಲ ತಮಗೇ ಸಿಕ್ಕಿದ್ದು ಅಂತ ಬೇರೆ ಹೇಳ್ಕೊಂಡರು. ನಾನು ಬಿಡ್ತೀನಾ?

ಬಸವನಹುಳುವಿನ ಚಿಪ್ಪಾಗಲಿ ಸುಣ್ಣದ ಕಲ್ಲಾಗಲಿ, ಹುಳಿ ಬಿದ್ದರೆ ನೊರೆ ಬರತ್ತೆ ಅಂತ ನಮ್ಮ ಹಳ್ಳಿ ಇಸ್ಕೂಲಿನ ಮೇಷ್ಟ್ರು ತೋರಿಸಿದ್ದರು. ಒಂದು ಶನಿವಾರ ಬೀದಿಯವರೆಲ್ಲ ತೀರ್ಥಕ್ಕೆ ಕೂತಿದ್ದಾಗ, ಯಾರಿಗೂ ಕಾಣದ ಹಾಗೆ ಪಂಚಪಾತ್ರೆಯ ನೀರು ಚೆಲ್ಲಿ ನಿಂಬೆರಸ ತುಂಬಿಟ್ಟೆ. ದೊಡ್ಡಪ್ಪ ಮಂತ್ರ ಹೇಳ್ತಾ ಅದನ್ನೇ ಕಲ್ಲಿನ ಮೇಲೆ ಸುರಿದರು. ಕಲ್ಲು ಬುಸಬುಸ ನೊರೆ ಕಕ್ಕಿತು.

"ಅದು ಬಸವನಹುಳು ದೊಡ್ಡಪ್ಪಾ! ಹಳ್ಳದಲ್ಲಿ ನನಗೇ ಸಿಕ್ಕಿದ್ದು!" ಅಂತ ಕೂಗಿದೆ.

ಪಕ್ಕದ ಮನೆ ಅಜ್ಜಿ ಎದ್ದು ನಿಂತು, "ಇಷ್ಟು ದಿನ ಹುಳ ತೊಳೆದ ನೀರು ಕುಡಿಸಿದ್ಯೇನಪ್ಪಾ?" ಅಂದರು. ದೊಡ್ಡಪ್ಪ ಕಲ್ಲನ್ನ ನನ್ನ ಮೇಲೇ ಎಸೆದರು. ನನಗೆ ಬೇಕಾಗಿದ್ದೂ ಅದೇ.

ಈಗ ಅದು ನಮ್ಮ ಟೀವಿ ಪಕ್ಕ ಇದೆ. ದೊಡ್ಡಪ್ಪನ ಮಗ ಬಂದಾಗಲೆಲ್ಲ ಅದರ ಎದುರಿಗೇ ಕೂರಿಸಿ ನಿಂಬೆ ಪಾನಕ ಕೊಡ್ತೀನಿ. ಇವತ್ತೂ ಬಂದು ಕೂತಿದಾನೆ.