ಅಕ್ಕನ ಬ್ಯಾಟಿಗೆ ನಾನು ಮಾಡಿದ ಪೂಜೆ

ಈ ಸಲ ಆಯುಧ ಪೂಜೆಗೆ ಮಗ ಆಟೋ ತೊಳೆಯುತ್ತಿದ್ದ. ಒದ್ದೆ ವಿಭೂತಿಯ ವಾಸನೆ ಮೂಗಿಗೆ ಬಡಿಯಿತು. ಅಕ್ಕ ನೆನಪಾದಳು... ನಾನು ಒಳಗೆ ಹೋಗಿ ಕುಳಿತೆ.

ನಮ್ಮಪ್ಪ ಹೊಸಪೇಟೆಯ ಡ್ಯಾಮಿನ ಹತ್ತಿರ ಒಂದು ಕ್ಲಬ್ಬಿನಲ್ಲಿ ಟೆನಿಸ್ ಅಂಗಳಕ್ಕೆ ನೀರು ಹೊಡೆದು ರೋಲರ್ ಎಳೆಯುತ್ತಿದ್ದ. ಸಾಹೇಬರು ಬರುವ ಮುಂಚೆ ಅಕ್ಕ ಅಲ್ಲಿಯ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಆಟ ಕಲಿಸುವ ಮಾರ್ಕರ್ ಅದನ್ನು ಕಂಡು ಹಳೆಯ ಮರದ ಬ್ಯಾಟೊಂದನ್ನು ಕೊಟ್ಟರು. ಲಂಗ ತೊಟ್ಟು ಹೇಗೆ ಆಡಲಿ ಎಂದು ಅವಳು ನಾಚಿದರೆ, "ನಮ್ಮಜ್ಜಿ ಕಾಲದಾಗ ಅಮೆರಿಕಾದಾಕಿ ಒಬ್ಬಾಕಿ ಉದ್ದನ್ನ ಲಂಗ ಹಾಕ್ಕೊಂಡ ಎಲ್ಲಾರ್ನೂ ಸೋಲಿಸ್ಯಾಳ. ನಿಂದೇನ್ ಮಹಾ ಲಂಗ, ಆಡವಾ!" ಎಂದು ನಗಿಸಿದ್ದರು.

ಎರಡೇ ವರ್ಷದಲ್ಲಿ ಅವಳನ್ನು ಸಂಡೂರಿನ ಪಂದ್ಯಕ್ಕೆ ಕರೆದರು. ಗೆದ್ದರೆ ಬೆಂಗಳೂರಿನಲ್ಲಿ ಇಟ್ಟು ಕಲಿಸುತ್ತೇವೆ ಎಂದು ಕ್ಲಬ್ಬಿನವರು ಮಾತು ಕೊಟ್ಟರು. ಸೋತರೆ ಮದುವೆ ಎಂದ ಅಪ್ಪ.

ಪಂದ್ಯಕ್ಕೆ ಎರಡು ದಿನ ಮೊದಲು ಆಯುಧ ಪೂಜೆ. ಅಕ್ಕ ಮುಟ್ಟಾಗಿ ಹಿತ್ತಲಲ್ಲಿ ಕುಳಿತಿದ್ದಳು. ಅಪ್ಪನ ಸಲಿಕೆ, ಗುದ್ದಲಿಗೆ ಪೂಜೆಯಾಗುವಾಗ ಅಕ್ಕನ ಆಯುಧಕ್ಕೂ ಆಗಲಿ ಎನಿಸಿತು ನನಗೆ. ಬಾಗದಿರಲೆಂದು ಅವಳು ಬ್ಯಾಟನ್ನು ತಿರುಪು ಬಿಗಿಯುವ ಮರದ ಚೌಕಟ್ಟಿನಲ್ಲಿ ಇಡುತ್ತಿದ್ದಳು. ಬಿಚ್ಚಿದೆ. ಬಕೆಟ್ಟಿನಲ್ಲಿ ನೆನೆಹಾಕಿ, ತಿಕ್ಕಿ ತೊಳೆದು, ವಿಭೂತಿ ಹಚ್ಚಿ, ಮಾಳಿಗೆಯ ಬಿಸಿಲಿಗೆ ಇಟ್ಟೆ. ಸಂಜೆ ನೋಡಿದರೆ ಸೊಟ್ಟಗಾಗಿತ್ತು. ಚೌಕಟ್ಟಿಗೆ ಕೂಡಲಿಲ್ಲ. ಒರೆಸಿ, ಎರಡನ್ನೂ ಬೇರೆಬೇರೆಯಾಗಿ ಅವಳ ಚೀಲಕ್ಕೆ ತುರುಕಿಬಿಟ್ಟೆ.

ತಲೆಗೆರೆದುಕೊಂಡ ದಿನವೇ ಅಕ್ಕ ಬಸ್ಸು ಹತ್ತಿದಳು. ಜೊತೆಗೆ ನಾನೂ ಹೋದೆ. ಸಂಡೂರಿನಲ್ಲಿ ಚೀಲ ಬಿಚ್ಚಿದ ಮಾರ್ಕರ್ ಸಿಡಿದರು. "ಚೌಕಟ್ಟಿನಾಗ ಇಡಂತ ಎಷ್ಟ್ ಸಲ ಬಡ್ಕೊಂಡೆ ನಿನಗ?"

"ಇಟ್ಟಿದ್ನ್ರೀ..." ಅಕ್ಕ ನನ್ನತ್ತ ತಿರುಗಿದಳು. "ಲೇ ತಮ್ಮಾ, ನೀ ನೋಡಿಯಲ್ಲ? ಹೇಳಲೇ."

"ನಾ ನೋಡಿಲ್ಲ" ಎಂದೆ.

ಅದರಲ್ಲೇ ಆಡಿದಳು. ಸ್ವಲ್ಪ ಹೊತ್ತಿಗೇ ತಂತಿ ಹರಿಯಿತು. ಯಾರದೋ ಭಾರದ ಬ್ಯಾಟು ಹಿಡಿದು ಸೋತಳು. ಬೇಸಿಗೆಯಲ್ಲಿ ಮದುವೆಯಾಗಿ ಕಂಪ್ಲಿಗೆ ಹೋದಳು. ಮತ್ತೆಂದೂ ಆಡಲಿಲ್ಲ...

ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ಎಲ್ಲ ಹೇಳಿಬಿಡಬೇಕೆಂದೇ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು, "ಭಾಳ ದಿನ ನಿನ್ಮ್ಯಾಲೆ ಸಿಟ್ಟಿತ್ತಲೇ. ಬ್ಯಾಟ್ ಚೌಕಟ್ಟಿನಾಗ ಇಡೋದು ನಾನ ಮರ್ತಿದ್ನೇನೋ."

ನಾನು ಅವಳ ಕಾಲು ಒತ್ತುತ್ತಾ, "ಹ್ಞೂಂ" ಎಂದೆ. ಹದಿನೈದು ದಿನಕ್ಕೆ ಹೋಗಿಬಿಟ್ಟಳು.

ಮೊನ್ನೆ ಅವಳ ವರ್ಷದ ಎಡೆ. ಪಂಕ್ತಿಯಲ್ಲಿ ಕುಳಿತವರು ಅವಳ ಮರೆವಿನ ಕಥೆ ತೆಗೆದರು. ಬ್ಯಾಟು ಕೆಡಿಸಿಕೊಂಡು ಪಂದ್ಯ ಸೋತವಳು ಎಂದು ಅವಳ ಮಕ್ಕಳೂ ನಕ್ಕರು. ನಾನು ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದೆ.