ಮಾಸ್ತರನ್ನು ಎಂಟು ಸಲ ನುಂಗಿದ ಹೆಂಗಸು

ಕೋಟು ಹೊಲಿಯುವುದರಲ್ಲಿ ಟೈಲರ್ ಮಾಸ್ತರನ್ನು ಮೀರಿಸುವವರು ಆ ಪೇಟೆಯಲ್ಲಿ ಇರಲಿಲ್ಲ. ತಲೆ ತಪ್ಪಿಸಿಕೊಳ್ಳುವುದರಲ್ಲೂ ಇರಲಿಲ್ಲ. ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಗಿರಾಕಿಯ ಸುತ್ತ ಒಂದು ಸುತ್ತು ಬಂದರೆ ಸಾಕು, ಯಾವ ಭುಜ ಅರ್ಧ ಅಂಗುಲ ಇಳಿದಿದೆ, ಯಾರು ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ನಿಂತಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಆದರೆ ‘ಆಗಿಲ್ಲ’ ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಯಾರು ಬಂದು ಕೇಳಿದರೂ ‘ನಾಳೆ’ ಎನ್ನುವರು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ನಾಳೆ ಮಾಸ್ತರು’ ಎಂದೇ ಕರೆಯುತ್ತಿದ್ದರು. ಐದಾರು ನಾಳೆಗಳು ಕಳೆದ ಮೇಲೆ ಅದೇ ಗಿರಾಕಿ ಬೀದಿಯ ತಿರುವಿನಲ್ಲಿ ಕಂಡರೆ ಮಾಸ್ತರು ಅಂಗಡಿಯ ಮೂಲೆಯಲ್ಲಿ ಬಟ್ಟೆ ತೊಟ್ಟು ನೋಡಲು ಕಟ್ಟಿದ್ದ ಪರದೆಯ ಹಿಂದೆ ಸರಿದುಬಿಡುತ್ತಿದ್ದರು. ಹೊರಗೆ ಕೂತು ಅಂಗಿಗಳ ಗುಂಡಿ-ತೂತುಗಳಿಗೆ ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತಿದ್ದ ಹೆಂಡತಿ ತಲೆಯೆತ್ತದೆ, “ಈಗ ತಾನೇ ಎದ್ದು ಹೋದ್ರು” ಎನ್ನಬೇಕು. ಮೂವತ್ತು ವರ್ಷದಲ್ಲಿ ತಾನು ಹಾಕಿದ ಕಾಜಾಗಳಿಗಿಂತ ಹೇಳಿದ ಸುಳ್ಳುಗಳೇ ಹೆಚ್ಚು ಎಂದು ಆಕೆಯೇ ಹೇಳುವುದುಂಟು.

ಗಿರಾಕಿಗಳಲ್ಲೆಲ್ಲ ಮಾಸ್ತರು ಹೆಚ್ಚು ಹೆದರುತ್ತಿದ್ದುದು ಹೆಡ್‌ಮಿಸ್ಸಿಗೆ. ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಅವರು ತಮ್ಮ ಬೀಳ್ಕೊಡುಗೆಯ ದಿನ ತೊಡಲೆಂದು ಬೂದು ಬಣ್ಣದ ಉಣ್ಣೆ ಬಟ್ಟೆ ತಂದು ಕೋಟಿಗೆ ಕೊಟ್ಟಿದ್ದರು. ಮಾಸ್ತರು ಅಂದು ಯಾವ ಗುಂಗಿನಲ್ಲಿದ್ದರೋ ಏನೋ, ಮುಂಭಾಗದ ಎರಡು ತುಂಡುಗಳನ್ನೂ ಎಡಗಡೆಗೇ ಕತ್ತರಿಸಿಟ್ಟರು. ಒಂದನ್ನು ತಿರುಗಿಸಿ ಹೊಲಿಯೋಣವೆಂದರೆ ಬಟ್ಟೆಯ ಒಳಮೈ ಬೇರೆ ಬಣ್ಣ. ಅಂಥದೇ ಬಟ್ಟೆ ಮತ್ತೆ ಎಲ್ಲೂ ಸಿಗಲಿಲ್ಲ. ಬೀಳ್ಕೊಡುಗೆ ಮುಗಿದು ಹದಿನಾಲ್ಕು ತಿಂಗಳಾದರೂ ಹೆಡ್‌ಮಿಸ್ಸು ಪ್ರತಿ ಶನಿವಾರ ಹನ್ನೊಂದು ಗಂಟೆಗೆ ತಪ್ಪದೆ ಬರುತ್ತಿದ್ದರು, ಮಾಸ್ತರು ತಪ್ಪದೆ ಮಾಯವಾಗುತ್ತಿದ್ದರು.

ಒಂದು ಶನಿವಾರ ಅವರು ಬರುವ ಹೊತ್ತಿಗೆ ಪರದೆಯ ಹಿಂದೆ ಇನ್ಯಾರೋ ಪ್ಯಾಂಟು ತೊಟ್ಟು ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಮಾಸ್ತರು ಸ್ಟೂಲು ಹತ್ತಿ ಅಟ್ಟಕ್ಕೆ ಕೈಹಾಕಿದರು. ಹೆಂಡತಿ “ಈಗ ತಾನೇ ಎದ್ದು ಹೋದ್ರು” ಎಂದು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಅಟ್ಟದ ಮೇಲಿನ ಬಟ್ಟೆಯ ಗಂಟುಗಳು ಮೊದಲು ಬಂದವು, ಅವುಗಳ ಬೆನ್ನಿಗೇ ಮಾಸ್ತರೂ ಬಂದರು. ಬಲಗೈ ಮಣಿಕಟ್ಟು ಮುರಿಯಿತು. ಹೆಡ್‌ಮಿಸ್ಸೇ ಓಡಿಹೋಗಿ ಗಾಡಿ ಕರೆತಂದು ಅವರನ್ನು ಆಸ್ಪತ್ರೆಗೆ ಕಳಿಸಿದರು. ಕೋಟಿನ ಮಾತು ಎತ್ತಲೇ ಇಲ್ಲ. ಎತ್ತದಿದ್ದುದೇ ಮಾಸ್ತರಿಗೆ ಮೂಳೆ ಮುರಿದ ನೋವಿಗಿಂತ ಹೆಚ್ಚಾಯಿತು.

ಆರು ವಾರದ ಮೇಲೆ ಕೈಗೆ ಹಾಕಿದ್ದ ಪ್ಲಾಸ್ಟರು ಬಿಚ್ಚಿದಾಗ ಹೆಬ್ಬೆರಳು ಕಟ್ಟಿಗೆಯಂತೆ ಸೆಟೆದಿತ್ತು. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ಇನ್ನೂರು ಸಲ ಒತ್ತಿ ಎಂದರು. ಮಾಸ್ತರು ಹತ್ತು ಸಲ ಒತ್ತಿ, ಉಳಿದದ್ದನ್ನು ಮರುದಿನಕ್ಕೆ ಇಟ್ಟರು.

ಅವರ ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿ ಮುಗಿಸಿ ಎರಡು ಗಂಟೆಗೆ ಮನೆಗೆ ಬರುತ್ತಿದ್ದಳು. ಬೆಳಗಿನಿಂದ ಊರಿನವರ ರಕ್ತ ನೋಡಿ ಬೇಸತ್ತವಳು ಮನೆಗೆ ಬಂದು ಟೀವಿಗೆ ಪೆಟ್ಟಿಗೆ ಸಿಕ್ಕಿಸಿ ಗೇಮ್ ಆಡುವಳು, ಅದರಲ್ಲೂ ರಕ್ತವೇ. ಚೆಂಡು ಮಂಚದ ಕೆಳಗೆ ಬಿದ್ದಿದ್ದನ್ನು ಕಂಡು ಅವಳು ಅಪ್ಪನ ಕೈಗೆ ಗುಂಡಿಗಳಿದ್ದ ರಿಮೋಟು ಹಿಡಿಸಿದಳು.

“ಇದನ್ನ ಒತ್ತು. ಬೆರಳೂ ಆಡುತ್ತೆ, ಹೊತ್ತೂ ಹೋಗುತ್ತೆ. ಆದ್ರೆ ಭಯದ ಆಟ ಅಪ್ಪ, ಹೆದರ್ಕೋಬೇಡ.”

“ಮೂವತ್ತು ವರ್ಷ ಗಿರಾಕಿಗಳನ್ನ ಎದುರಿಸಿದೀನಿ ನಾನು.”

“ಎದುರಿಸಿದ್ದು ಯಾವಾಗ?” ಎಂದಳು ಹೆಂಡತಿ, ಮೊರದಲ್ಲಿ ಗುಂಡಿಗಳನ್ನು ಬಣ್ಣವಾರು ಬೇರ್ಪಡಿಸುತ್ತ.

ಆಟದೊಳಗೆ ಒಂದು ಮನೆ. ಅದಕ್ಕೆ ಹೊರಗು ಎಂಬುದೇ ಇರಲಿಲ್ಲ. ಬಾಗಿಲು ತೆಗೆದರೆ ಇನ್ನೊಂದು ಕೋಣೆ. ಗೋಡೆಗಳು ಉಸಿರಾಡುತ್ತಿದ್ದವು. ಮೆಟ್ಟಿಲು ಹತ್ತಿದರೆ ನೆಲಮಾಳಿಗೆ ಸಿಗುತ್ತಿತ್ತು. ಮೇಜಿನ ಮೇಲಿನ ತಟ್ಟೆಗಳಲ್ಲಿ ಕಿವಿಗಳಿದ್ದವು, ಸದ್ದು ಮಾಡಿದರೆ ಅಷ್ಟೂ ಒಟ್ಟಿಗೆ ಇತ್ತ ತಿರುಗುತ್ತಿದ್ದವು. ಕೋಣೆಗಳ ನಡುವಿನ ಓಣಿಯ ಕೊನೆಯಿಂದ ಒಬ್ಬ ಹೆಂಗಸು ನಡೆದುಬರುತ್ತಿದ್ದಳು. ಮುಖವಿಲ್ಲ, ಮೈಮೇಲೆ ಕರಿ ಕೋಟು, ಕೈಗಳು ನೆಲ ಸವರುವಷ್ಟು ಉದ್ದ. ಎಷ್ಟೋ ಸಲ ನೋಡಿದ್ದ ಮಗಳೇ ದಿಂಬನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಮಾಸ್ತರು ಕನ್ನಡಕ ಏರಿಸಿ ಮುಂದಕ್ಕೆ ಬಾಗಿದರು.

“ಎಡತೋಳು ಎರಡಂಗುಲ ಗಿಡ್ಡ. ಯಾವನು ಹೊಲಿದದ್ದು ಇದನ್ನ?”

“ಅಪ್ಪ, ಓಡು.”

ಮಾಸ್ತರು ಓಡಲಿಲ್ಲ, ಪಕ್ಕದ ಬೀರುವಿನೊಳಗೆ ನುಸುಳಿದರು. ಆ ಒಂದು ಮಧ್ಯಾಹ್ನದಲ್ಲಿ ಹನ್ನೊಂದು ಬೀರು, ನಾಲ್ಕು ಮಂಚದಡಿ, ಒಂದು ಪಿಯಾನೊದ ಹೊಟ್ಟೆ. ಇಷ್ಟು ಚೆನ್ನಾಗಿ ಅಡಗುವವರನ್ನು ತಾನು ಕಂಡೇ ಇಲ್ಲ ಎಂದು ಮಗಳು ಬೆರಗಾದಳು. ಹುಟ್ಟಿದಾಗಿನಿಂದ ಯಾರೂ ಮೆಚ್ಚದ ವಿದ್ಯೆಗೆ ಕೊನೆಗೂ ಒಂದು ಬೆಲೆ ಬಂತೆಂದು ಮಾಸ್ತರು ಉಬ್ಬಿಹೋದರು.

ಉಬ್ಬಿದವರು ಆ ಆಟದಲ್ಲಿ ಬದುಕಿನ ಪಾಠಗಳನ್ನೂ ಹುಡುಕತೊಡಗಿದರು. ಕೆಳಗಿನ ಡ್ರಾಯರಿನಲ್ಲೇ ಬೇಕಾದ ವಸ್ತು ಇರುತ್ತದೆ ಎಂಬುದು ಮೊದಲನೆಯದು; ಅದರಂತೆ ಮನೆಯ ಡ್ರಾಯರುಗಳನ್ನೆಲ್ಲ ಹೊರಗೆಳೆದು, ಹೆಂಡತಿ ಅಡಗಿಸಿಟ್ಟಿದ್ದ ಬಿಸ್ಕತ್ತಿನ ಪೊಟ್ಟಣ ಹಿಡಿದರು. ದೀಪ ಮಿಣಮಿಣ ಎನ್ನುವ ಕೋಣೆಗೆ ಕಾಲಿಡಬಾರದು ಎಂಬುದು ಎರಡನೆಯದು. ಡಾಕ್ಟರಮ್ಮನ ಕೋಣೆಯ ಟ್ಯೂಬ್‌ಲೈಟು ಹಾಗೆಯೇ ಮಿಟುಕುತ್ತಿತ್ತು. ಮಾಸ್ತರು ಹೊಸ್ತಿಲ ಹೊರಗೇ ನಿಂತು ಕೈ ಒಳಗೆ ಚಾಚಿದರು, ಆಕೆ ಒಳಗಿನಿಂದಲೇ ಬೆರಳು ಬಗ್ಗಿಸಿ ನೋಡಿ, ಪರವಾಗಿಲ್ಲ, ಚೆಂಡು ಚೆನ್ನಾಗಿ ಒತ್ತುತ್ತಿದ್ದೀರಿ ಎಂದರು.

ಆದರೆ ಆಟ ಮಾತ್ರ ಮುಂದೆ ಹೋಗಲಿಲ್ಲ. ಮಾಸ್ತರು ಒಂದು ಸಲ ಅಡಗಿ ಹೊರಬಂದರೆ ಆ ಹೆಂಗಸು ಒಂದು ಗೇಣು ಉದ್ದವಾಗಿರುತ್ತಿದ್ದಳು, ಮನೆಗೆ ಒಂದು ಕೋಣೆ ಹೆಚ್ಚಾಗಿರುತ್ತಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಅವಳು ಸೂರಿಗೆ ತಲೆ ತಾಗಿ ಸೊಂಟ ಬಗ್ಗಿಸಿ ನಡೆಯುತ್ತಿದ್ದಳು. ಬೀರುವಿನ ಹೊರಗೆ ನಿಂತು ಗೊಣಗುವುದೂ ಹೆಚ್ಚಾಗಿತ್ತು.

ಹನ್ನೊಂದನೆಯ ದಿನ ಹೆಂಡತಿಗೆ ಸಾಕಾಯಿತು. “ರೀ, ಆಕೆ ಪಾಪ ಏನೋ ಕೇಳ್ತಿದಾಳೆ. ಒಂದ್ಸಲ ನಿಂತು ಕೇಳಿಸ್ಕೊಳ್ಳಿ.”

“ನುಂಗಿಬಿಟ್ರೆ?”

“ನುಂಗ್ಲಿ. ಟೀವಿಯೊಳಗೆ ತಾನೇ.”

ಮಾಸ್ತರು ಬೀರುವಿನಿಂದ ಹೊರಬಂದು ನಿಂತರು. ಹೆಂಗಸು ಬಗ್ಗಿದಳು, ಮುಖವಿಲ್ಲದ ಮುಖ ಟೀವಿಯ ತುಂಬ ಬಂತು. ‘ನನ್ನದು ಎಲ್ಲಿ?’ ಎಂದು ಕೇಳಿದಳು. ಕೆಳಗೆ ಎರಡು ಉತ್ತರಗಳು ಮೂಡಿದವು. ಮೇಲಿನದು ‘ನಾಳೆ ಬಾ’. ಕೆಳಗಿನದು ‘ಕಳೆದುಹಾಕಿದೆ’.

ಮೊದಲು ಡಾಕ್ಟರಮ್ಮನಿಗೂ ಬಗ್ಗದಿದ್ದ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮೇಲಿನ ಉತ್ತರವನ್ನು ಒತ್ತಿತು. ಹೆಂಗಸು ಮಾಸ್ತರನ್ನು ನುಂಗಿದಳು. ಮತ್ತೆ ನಿಂತರು, ಮತ್ತೆ ‘ನಾಳೆ ಬಾ’, ಮತ್ತೆ ನುಂಗಿದಳು. ಐದನೆಯ ಸಲಕ್ಕೆ ಹೆಂಡತಿ ನಕ್ಕು ನಕ್ಕು ಮೊರದ ಗುಂಡಿಗಳನ್ನೆಲ್ಲ ಚೆಲ್ಲಿದಳು. ಎಂಟನೆಯ ಸಲಕ್ಕೆ ಯಾರಿಗೂ ನಗು ಬರಲಿಲ್ಲ.

“ಅಪ್ಪ, ಕೆಳಗಡೆ ಇನ್ನೊಂದು ಉತ್ತರ ಇದೆ,” ಎಂದಳು ಮಗಳು ಮೆಲ್ಲಗೆ.

“ಕಾಣಿಸ್ತಿದೆ.”

“ಮತ್ತೆ ಒತ್ತೋದು ತಾನೇ?”

“ಅದೇ ಬರ್ತಿಲ್ಲ ಕಣಮ್ಮ.”

ಹೆಂಡತಿ ನೆಲದ ಮೇಲಿನ ಗುಂಡಿಗಳನ್ನು ಆರಿಸುವುದು ಬಿಟ್ಟು ಅವರ ಮುಖ ನೋಡಿದಳು. ಮಾಸ್ತರು ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಹಿಡಿದು ಕೆಳಕ್ಕೆ ತಂದು, ‘ಕಳೆದುಹಾಕಿದೆ’ ಎಂಬುದರ ಮೇಲೆ ಅದುಮಿದರು.

ಹೆಂಗಸು ಈ ಸಲ ನುಂಗಲಿಲ್ಲ. ಆಮೇಲೆ ಗಾಳಿ ಬಿಟ್ಟ ಬಲೂನಿನಂತೆ ಇಳಿಯುತ್ತ ಇಳಿಯುತ್ತ ಸಾಮಾನ್ಯ ಎತ್ತರದವಳಾಗಿ, ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಕರವಸ್ತ್ರ ತೆಗೆದು ಮುಖವಿರಬೇಕಾಗಿದ್ದ ಜಾಗವನ್ನು ಒರೆಸಿಕೊಂಡಳು. ಅವಳ ಹಿಂದೆ ಒಂದು ಬಾಗಿಲು ತೆರೆಯಿತು. ಮಾಸ್ತರು ಅದರೊಳಗೆ ಹೋಗದೆ ರಿಮೋಟು ಕೆಳಗಿಟ್ಟು, ಎದ್ದು ಹೋಗಿ ತಣ್ಣೀರಿನಲ್ಲಿ ಮುಖ ತೊಳೆದುಕೊಂಡು ಬಂದರು.

ಆ ಶನಿವಾರ ಹನ್ನೊಂದಕ್ಕೆ ಹೆಡ್‌ಮಿಸ್ಸು ಬಂದಾಗ ಮಾಸ್ತರು ಕತ್ತರಿಸುವ ಮೇಜಿನ ಮುಂದೆ ನಿಂತಿದ್ದರು. ಹೆಂಡತಿ ಅಭ್ಯಾಸಬಲದಿಂದ “ಈಗ ತಾನೇ…” ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡಳು.

“ಮೇಡಂ, ನಿಮ್ಮ ಕೋಟು ಆಗಿಲ್ಲ. ಆಗೋದೂ ಇಲ್ಲ,” ಎಂದರು ಮಾಸ್ತರು. “ಎರಡೂ ಎಡಗಡೆಗೇ ಕತ್ತರಿಸಿಬಿಟ್ಟೆ. ಹೇಳೋಕೆ ಬಾಯಿ ಬರ್ಲಿಲ್ಲ.”

ಹೆಡ್‌ಮಿಸ್ಸು ಇಳಿದು ಸಾಮಾನ್ಯ ಎತ್ತರದವರಾಗಲಿಲ್ಲ. ಇನ್ನೂ ಎತ್ತರವಾದಂತೆ ಕಂಡರು. ತುಂಡುಗಳನ್ನು ತರಿಸಿ ಮೇಜಿನ ಮೇಲೆ ಹರಡಿ ನೋಡಿದರು. ಆಮೇಲೆ ಶುರುವಾಯಿತು. ಸರಿಯಾಗಿ ಇಪ್ಪತ್ತೈದು ನಿಮಿಷ, ಅರ್ಧ ಪೀರಿಯಡ್ಡಿಗಿಂತ ಸ್ವಲ್ಪ ಹೆಚ್ಚು, ಅವರು ಮಾಸ್ತರನ್ನು ನಿಲ್ಲಿಸಿ ಬೈದರು. ಎದುರಿನ ಬೀಗದ ಅಂಗಡಿಯವನು ಕೆಲಸ ನಿಲ್ಲಿಸಿ ಕೇಳಿದ. ಆಟದಲ್ಲಿ ಈ ಭಾಗ ಇರಲಿಲ್ಲವಲ್ಲ ಎಂದು ಮಾಸ್ತರು ಬೆವರಿದರು. ಆದರೆ ಜಾಗ ಬಿಟ್ಟು ಕದಲಲಿಲ್ಲ.

“ನೀವು ಬಚ್ಚಿಟ್ಕೊಳ್ಳೋದು ನಂಗೆ ಮೊದಲ ವಾರದಿಂದ್ಲೇ ಗೊತ್ತಿತ್ತು,” ಎಂದರು ಹೆಡ್‌ಮಿಸ್ಸು, ಕೊನೆಗೆ ಸ್ಟೂಲಿನ ಮೇಲೆ ಕೂತು. “ಪರದೆ ಕೆಳಗೆ ಕಾಲು ಕಾಣ್ತಿತ್ತು.”

“ಗೊತ್ತಿದ್ದೂ ಬರ್ತಿದ್ರಾ?” ಹೆಂಡತಿಗೆ ತಡೆಯಲಾಗಲಿಲ್ಲ.

“ಮೂವತ್ತೆಂಟು ವರ್ಷ ಬಚ್ಚಿಟ್ಕೊಂಡೋರನ್ನ ಹುಡುಕಿದೀನಮ್ಮ. ಒಮ್ಮೆಲೇ ಬಿಡು ಅಂದ್ರೆ ಹೇಗೆ ಬಿಡೋದು?” ಎಂದು ಅವರು ನೀರು ಕೇಳಿ ಕುಡಿದರು. “ಸರಿ, ಇದರಲ್ಲಿ ಏನಾಗುತ್ತೆ ಹೇಳಿ.”

ಮಾಸ್ತರು ತುಂಡುಗಳನ್ನು ಅತ್ತಿತ್ತ ಜರುಗಿಸಿದರು. ತೋಳಿಗಿಟ್ಟ ಬಟ್ಟೆಯಿಂದ ಬಲಗಡೆ ಕೂಡಿಸಿ, ಬೆನ್ನಿಗೆ ಕಪ್ಪು ಬಟ್ಟೆ ಕೊಟ್ಟರೆ ತೋಳಿಲ್ಲದ ಒಂದು ಜಾಕೀಟು ಆಗುತ್ತದೆ. ಹದಿನಾರು ದಿನ ಬೇಕು ಎಂದರು. ಹದಿನಾರನೆಯ ದಿನ ಹೆಡ್‌ಮಿಸ್ಸು ಬಂದು ಅದನ್ನು ತೊಟ್ಟು, ಕನ್ನಡಿಯ ಮುಂದೆ ಎರಡೂ ಪಕ್ಕಕ್ಕೆ ತಿರುಗಿ, ಕನ್ನಡಕದ ಡಬ್ಬಿ ಹಿಡಿಯುವಷ್ಟು ದೊಡ್ಡ ಜೇಬಿಲ್ಲವೆಂದು ಮತ್ತೆ ಐದು ನಿಮಿಷ ಬೈದು, ಅದನ್ನು ತೊಟ್ಟುಕೊಂಡೇ ಹೋದರು.

ಉಳಿದ ಹದಿನೇಳು ಗಿರಾಕಿಗಳಿಗೂ ಮಾಸ್ತರು ಒಬ್ಬೊಬ್ಬರಾಗಿ ನಿಜ ಹೇಳಿದರು. ನಾಲ್ವರು ಬಟ್ಟೆ ವಾಪಸ್ಸು ಇಸಿದುಕೊಂಡು ಹೋದರು. ಒಬ್ಬರು ತಾವು ಬಟ್ಟೆ ಕೊಟ್ಟದ್ದನ್ನೇ ಮರೆತಿದ್ದರು. ಒಬ್ಬ ಮದುಮಗ ಈಗ ಎರಡು ಮಕ್ಕಳ ತಂದೆಯಾಗಿ, ಆ ಅಳತೆಗೂ ತನಗೂ ಸಂಬಂಧವಿಲ್ಲದಷ್ಟು ದಪ್ಪಗಾಗಿದ್ದ. ಅವನಿಗೆ ಹೊಸದಾಗಿ ಅಳತೆ ತೆಗೆದರು.

ತೆರೆದ ಆ ಬಾಗಿಲೊಳಗೆ ಹೋದವಳು ಮಾಸ್ತರ ಹೆಂಡತಿ. ಒಂದು ಮಧ್ಯಾಹ್ನ ಸುಮ್ಮನೆ ನೋಡೋಣವೆಂದು ರಿಮೋಟು ಹಿಡಿದಾಕೆ ಬೀರು, ಮಂಚ ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ; ಎದುರಿಗೆ ಬಂದ ಒಂದೊಂದು ಭೂತವನ್ನೂ ತಡೆದು ನಿಲ್ಲಿಸಿ ವಿಚಾರಿಸಿದಳು. ಮೂರೇ ದಿನದಲ್ಲಿ ಮಗಳೂ ಕಾಣದ ಕೋಣೆಗಳನ್ನು ದಾಟಿದಳು. ಊಟವಾದ ಮೇಲೆ ಈಗ ಟೀವಿ ಆಕೆಯದು. ಮಾಸ್ತರು ಪಕ್ಕದಲ್ಲಿ ಕೂತು, ಸೂಜಿಗೆ ದಾರ ಪೋಣಿಸಿಕೊಂಡು, ಮರುದಿನ ಕೊಡಬೇಕಾದ ಅಂಗಿಗಳಿಗೆ ಕಾಜಾ ಹಾಕುತ್ತಾರೆ.

“ಕಾಜಾ ತೀರಾ ಹತ್ತಿರ ಹತ್ತಿರ ಬಿತ್ತು ನೋಡಿ,” ಎನ್ನುತ್ತಾಳೆ ಆಕೆ, ಟೀವಿಯಿಂದ ಕಣ್ಣು ತೆಗೆಯದೆ.