ಕೆಂಪು ಕೋಟಿನ ಹೆಂಗಸಿನ ಕಾಯಿ

ಇದನ್ನು ಬರೆಯಬೇಕೆಂದು ಕೂತು, ಏನಾದರೊಂದು ನೆಪ ತೆಗೆದು ಎದ್ದುಹೋದದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸರಿಯಿಲ್ಲ, ಒಮ್ಮೆ ಕರೆಂಟಿಲ್ಲ. ಈಗ ಕನ್ನಡಕ ಹೊಸದು, ಕರೆಂಟೂ ಇದೆ. ಒಪ್ಪಿಕೊಳ್ಳಬೇಕಾದ ತಪ್ಪು ಒಂದಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾವು ಆ ಆಟವನ್ನು ಆಡಿದ ರೀತಿಗೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ಎಂಬತ್ತರ ದಶಕದ ನಡುವಿನ ಸಂಗತಿ. ಬೆಳ್ತಂಗಡಿ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮನೆಯಲ್ಲಿ ಅಮ್ಮ, ಹೆಂಡತಿ, ಮದುವೆಯಾಗದೆ ಉಳಿದ ನನ್ನ ಅಕ್ಕ. ಅಕ್ಕ ಬೀಡಿ ಕಟ್ಟುತ್ತಿದ್ದಳು. ಹಗಲಿಡೀ ಮಡಿಲಲ್ಲಿ ಮೊರ ಇಟ್ಟುಕೊಂಡು ಗೋಡೆಗೊರಗಿ ಕೂತರೆ, ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ಬೀಡಿ ಕೊಟ್ಟು ಬರುವುದೇ ಅವಳ ತಿರುಗಾಟ.

ಹೆಂಡತಿಯ ಅಣ್ಣ ದುಬೈಯಿಂದ ರಜೆಗೆಂದು ಬಂಟ್ವಾಳಕ್ಕೆ ಬಂದಾಗ ನಮಗೊಂದು ಆಟದ ಪೆಟ್ಟಿಗೆ ತಂದುಕೊಟ್ಟರು. ದುಬೈಯ ಟೀವಿಯಲ್ಲಿ ಬರುವ ಯಾವುದೋ ಇಂಗ್ಲಿಷ್ ಧಾರಾವಾಹಿಯ ಆಟವಂತೆ. ಧಾರಾವಾಹಿ ಬಿಡಿ, ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಟೀವಿಯೇ ಇರಲಿಲ್ಲ. ಬೋರ್ಡಿನ ತುಂಬ ಬೆಟ್ಟ ಹತ್ತುವ ಅಂಕುಡೊಂಕು ರಸ್ತೆ, ಬುಡದಲ್ಲಿ ಒಂದು ಹಳೆಯ ಬಸ್ಸು. ಬಸ್ಸಿನ ಜನರೇ ಕಾಯಿಗಳು: ಮೀಸೆಯ ಡ್ರೈವರ್, ಅಡುಗೆಯವರ ಟೊಪ್ಪಿ ಹಾಕಿದ ದಪ್ಪ ಮನುಷ್ಯ, ಕೋಲು ಹಿಡಿದ ಮುದುಕ, ಕೆಂಪು ಕೋಟಿನ ಹೆಂಗಸು. ದಾಳ ಹಾಕುತ್ತ ಮೇಲೆ ಹೋಗಬೇಕು. ಕೆಲವು ಮನೆಗಳಲ್ಲಿ ನಿಂತು ಕಾರ್ಡು ಎತ್ತಬೇಕು.

ಪಕ್ಕದ ಮನೆಯವರು ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಕಂಡಕ್ಟರ್. ಬೋರ್ಡನ್ನು ನೋಡಿದ್ದೇ, "ಇದು ನಮ್ಮ ಚಾರ್ಮಾಡಿಯೇ ಅಲ್ವಾ ಮಾರಾಯ್ರೆ! ಇಗೊ, ಈ ತಿರುವಿನಲ್ಲಿ ದಿನಾ ಒಬ್ಬ ವಾಂತಿ ಮಾಡ್ತಾನೆ," ಎಂದರು. ಅಂದಿನಿಂದ ಅದು ಚಾರ್ಮಾಡಿಯೇ ಆಯಿತು. ಅವರಿಗೆ ಡ್ರೈವರ್, ನನಗೆ ಅಡುಗೆಯವನು, ಅಕ್ಕನಿಗೆ ಕೆಂಪು ಕೋಟಿನ ಹೆಂಗಸು. ಮುದುಕನನ್ನು ಆಡಿಸುವವರಿರಲಿಲ್ಲ. "ಅವ ಬಸ್ಸಿನಲ್ಲೇ ನಿದ್ದೆ ಹೋಗಿದ್ದಾನೆ, ಎಬ್ಬಿಸುವುದು ಬೇಡ," ಎಂದಳು ಅಕ್ಕ.

ತೊಂದರೆಯಾದದ್ದು ಕಾರ್ಡುಗಳಿಂದ. ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನೊಬ್ಬನೇ, ಹಾಗಾಗಿ ಇಂಗ್ಲಿಷನ್ನು ಓದಿ ಹೇಳುವ ಅಧಿಕಾರ ನನ್ನದು. ಅಕ್ಕನಿಗೆ ಬಂದ ಮೊದಲ ಕಾರ್ಡಿನಲ್ಲಿ ಹೀಗಿತ್ತು: ದನದ ಹಟ್ಟಿಯಲ್ಲಿ ಇವಳು ಮಾಡಿದ ಕೆಲಸ ನೆನಪಿದೆಯೇ? ನಾಲ್ಕು ಮನೆ ಹಿಂದೆ ಹೋಗಿ. ಯಾವ ಹಟ್ಟಿ? ಏನು ಕೆಲಸ? ಧಾರಾವಾಹಿ ನೋಡಿದವರಿಗೆ ಗೊತ್ತಿರಬೇಕು.

"ಗೊತ್ತಿಲ್ಲದ ತಪ್ಪಿಗೆ ನಾನು ಎಂತಕ್ಕೆ ಹಿಂದೆ ಹೋಗುವುದು?" ಎಂದಳು ಅಕ್ಕ. "ಅವಳು ಮಾಡಿದ್ದು ಎಂತ ಅಂತ ನಾನು ಹೇಳ್ತೇನೆ. ನಿಮಗೆ ಸರಿ ಕಂಡ್ರೆ ನನ್ನ ಕಾಯಿ ಇಲ್ಲಿಯೇ ಇರ್ಲಿ."

ಹೇಳಿದಳು. ಆ ಹೆಂಗಸು ಮದುವೆಯ ಹಿಂದಿನ ದಿನ ಮನೆ ಬಿಟ್ಟವಳು. ಹಟ್ಟಿಗೆ ಹೋಗಿ, ತಾನೇ ಸಾಕಿದ ಹಸುವಿನ ಹಗ್ಗ ಬಿಚ್ಚಿ, ಅದನ್ನೂ ಕರೆದುಕೊಂಡು ಬಂದು ಬಸ್ಸಿಗೆ ಕೈ ತೋರಿಸಿದಳು.

"ಹಸುವಿಗೆ ಟಿಕೆಟ್?" ಕಂಡಕ್ಟರ್ ಕೇಳಿದರು.

"ನೀವೇ ಅರ್ಧ ಟಿಕೆಟ್ ಹರಿದದ್ದಲ್ವಾ ಕಂಡಕ್ಟ್ರೆ, ಕರು ಅಂತ ಹೇಳಿ. ಈಗ ಮರೆತು ಹೋಯ್ತಾ?"

ಒಳಗೆ ಹಿಟ್ಟು ರುಬ್ಬುತ್ತಿದ್ದ ಹೆಂಡತಿ ನಗುತ್ತ ಹೊರಗೆ ಬಂದು, "ಅತ್ತಿಗೆಯ ಕಾಯಿ ಅಲ್ಲೇ ಇರ್ಲಿ," ಎಂದು ತೀರ್ಪು ಕೊಟ್ಟಳು. ಅದೇ ನಮ್ಮ ನಿಯಮವಾಯಿತು. ಕಾರ್ಡು ಏನೇ ಕೇಳಲಿ, ಕತೆ ಹೇಳಬೇಕು. ಉಳಿದವರು ಒಪ್ಪಿದರೆ ದಂಡವಿಲ್ಲ. ಕಂಡಕ್ಟರ್ ಹೇಳಿದರೆ ಕೊನೆಗೆ ಟಯರ್ ಪಂಕ್ಚರಾಗುತ್ತಿತ್ತು. ನಾನು ಹೇಳಿದರೆ ಯಾರದೋ ಅಂಗಿಯ ಗುಂಡಿ ಕಿತ್ತುಹೋಗುತ್ತಿತ್ತು. ಅಕ್ಕ ಹೇಳಿದರೆ ನಾವು ದಾಳ ಹಾಕುವುದನ್ನೇ ಮರೆಯುತ್ತಿದ್ದೆವು. ಬ್ರಾಂಚಿನಿಂದ ಆಚೆಗೆ ಹೋಗದವಳು ಆ ಹೆಂಗಸನ್ನು ಎಲ್ಲೆಲ್ಲಿಗೋ ಕಳಿಸಿದಳು.

ಅಮ್ಮನಿಗೆ ಮಾತ್ರ ಇದು ಹಿಡಿಸಲಿಲ್ಲ. ಅಕ್ಕ-ತಂಗಿಯರು ಚೆನ್ನೆಮಣೆ ಆಟಕ್ಕೆ ಎದುರುಬದುರು ಕೂರಬಾರದು, ಕೂತರೆ ಮನಸ್ಸು ಮುರಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಅಮ್ಮ ಅದನ್ನು ಅಕ್ಕ-ತಮ್ಮನಿಗೂ ಹಿಗ್ಗಿಸಿದ್ದಳು.

"ಒಡಹುಟ್ಟಿದವರು ಒಂದೇ ಮಣೆಗೆ ಕೂರುವುದು ಒಳ್ಳೆಯದಲ್ಲ ಮಗಾ."

"ಇದು ಮಣೆ ಅಲ್ಲಮ್ಮ, ರಟ್ಟು. ದುಬೈಯ ರಟ್ಟಿಗೆ ನಮ್ಮ ಕಟ್ಟಳೆ ಉಂಟಾ?" ಎಂದು ನಾನೇ ಅಮ್ಮನ ಬಾಯಿ ಮುಚ್ಚಿಸಿದೆ. ಅಂಗಡಿಗೆ ಬಂದವರು, "ನೋಡದ ಟೀವಿಯ ಆಟ ಆಡ್ತೀರಂತೆ," ಎಂದು ಗೇಲಿ ಮಾಡಿದರೂ ನಾನು ಬಿಡುತ್ತಿರಲಿಲ್ಲ. "ನೋಡಿದವರಿಗೆ ಗೊತ್ತಿರುವುದು ಒಂದು ಕತೆ. ನಮಗೆ ದಿನಕ್ಕೊಂದು ಉಂಟು," ಎನ್ನುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ಮುಂದಿನ ರಜೆಯಲ್ಲಿ ಭಾವ ಆ ಧಾರಾವಾಹಿಯ ಕ್ಯಾಸೆಟ್ಟುಗಳನ್ನೇ ತಂದರು. ಮೂಡುಬಿದಿರೆಯಲ್ಲಿ ಅವರ ಅತ್ತೆಯ ಮನೆಯಲ್ಲಿ ಟೀವಿಯೂ ವಿಸಿಆರೂ ಇದ್ದವು.

"ನಾಡಿದ್ದು ಎಲ್ಲ ಒಟ್ಟಿಗೆ ಹೋಗುವ. ಒಮ್ಮೆ ನೋಡಿದ್ರೆ ಆಟ ಸರಿಯಾಗಿ ಗೊತ್ತಾಗ್ತದೆ. ನೀವು ಆಡುವುದು ಪೂರಾ ತಪ್ಪು."

"ನಮಗೆ ತಪ್ಪೇ ಸಾಕು ಭಾವ. ನಾನು ಬರುವುದಿಲ್ಲ."

ಆ ಸಂಜೆ ಅಕ್ಕ ನನ್ನ ಹತ್ತಿರ ಬಂದು, "ನಾನು ಹೋಗಿ ಬರ್ತೇನೆ ತಮ್ಮ," ಎಂದಳು.

"ಎಂತಕ್ಕೆ?"

"ಇಷ್ಟು ದಿನ ಅವಳನ್ನು ಘಾಟಿ ಹತ್ತಿಸಿದ್ದೇನೆ. ಅವಳು ನಡೆಯುವುದು ಹೇಗೆ ಅಂತ ಒಮ್ಮೆ ನೋಡುವ ಆಸೆ."

"ನೋಡಿದವರಿಗೆ ಮತ್ತೆ ಈ ಬೋರ್ಡಿನಲ್ಲಿ ಜಾಗ ಇಲ್ಲ."

ಅಕ್ಕ ನಕ್ಕಳು. ತಮಾಷೆಗೆ ಹೇಳಿದ್ದು ಎಂದುಕೊಂಡಳು. ಒಳ್ಳೆಯ ಸೀರೆ ಉಟ್ಟು, ನನ್ನ ಹೆಂಡತಿಯ ಜೊತೆ ಮೂಡುಬಿದಿರೆಯ ಬಸ್ಸು ಹತ್ತಿದಳು. ಅಲ್ಲಿ ಒಂದು ದಿನ ಉಳಿದು ಬಂದರು.

ಬಂದ ಸಂಜೆ ಕಂಡಕ್ಟರ್ ಬಂದು ಕೂತಿದ್ದರು, ನಾನು ಬೋರ್ಡು ಹರಡಿದ್ದೆ. ಅಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಬಂದು ತನ್ನ ಜಾಗದಲ್ಲಿ ಕೂತಳು. ನಾನು ಕೆಂಪು ಕೋಟಿನ ಕಾಯಿಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದೆ.

"ಇನ್ನು ಬೇಡ ಅಕ್ಕ."

"ಎಂತ ಬೇಡ?"

"ಒಡಹುಟ್ಟಿದವರು ಒಂದೇ ಮಣೆಗೆ ಕೂರಬಾರದು. ಅಮ್ಮ ಹೇಳಿದ್ದು ಸರಿ."

ಕಂಡಕ್ಟರ್ ದಾಳವನ್ನು ಅಂಗೈಯಲ್ಲಿ ಉರುಳಿಸುತ್ತ ತಲೆ ತಗ್ಗಿಸಿದರು. ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಅಲ್ಲಿ ನೋಡಿದ್ದನ್ನು ನಾನು ಯಾರ ಹತ್ತಿರವೂ ಹೇಳುವುದಿಲ್ಲ ತಮ್ಮ. ಇಲ್ಲಿ ನಮ್ಮ ಕತೆಯನ್ನೇ ಹೇಳ್ತೇನೆ. ಆಗದಾ?" ಎಂದಳು.

ನಾನು ಮುಷ್ಟಿ ಬಿಡಿಸಲಿಲ್ಲ. ಅವಳು ಎದ್ದುಹೋಗಿ, ಆ ದಿನ ಬೀಡಿ ಕಟ್ಟುವ ಕೆಲಸವಿಲ್ಲದಿದ್ದರೂ ಮೊರ ತೆಗೆದುಕೊಂಡು ಎಲೆ ಕತ್ತರಿಸತೊಡಗಿದಳು.

ನಾನು ಆ ಕಟ್ಟಳೆಯನ್ನು ಎಂದೂ ನಂಬಿದವನಲ್ಲ. ನೋಡಿ ಬಂದ ಅಕ್ಕನಿಗೆ ನನಗಿಂತ ಹೆಚ್ಚು ಗೊತ್ತು, ಇನ್ನು ನಾನು ಓದಿ ಹೇಳುವುದಕ್ಕೆ ಬೆಲೆಯಿಲ್ಲ ಎಂಬ ಹೊಟ್ಟೆಕಿಚ್ಚು ಅದು. ಹಾಗೆಂದು ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದೆ ಅಮ್ಮನ ಮಾತನ್ನು ಎರವಲು ತಂದೆ. ಊರಿಗೆಲ್ಲ ಎದುರು ಮಾತಾಡುತ್ತಿದ್ದ ನನ್ನ ಗಂಡಸ್ತನ ಅಷ್ಟೇ.

ಅಕ್ಕ ಮಾತು ಉಳಿಸಿಕೊಂಡಳು. ಅಲ್ಲಿ ಏನು ನೋಡಿದಳೆಂದು ಯಾರಿಗೂ ಹೇಳಲಿಲ್ಲ. "ಆ ಹೆಂಗಸು ಬಂದಾಗೆಲ್ಲ ಅತ್ತಿಗೆ ಟೀವಿಯ ಹತ್ತಿರ ಹತ್ತಿರ ಹೋಗ್ತಿದ್ರು," ಎಂದು ಹೆಂಡತಿ ಶುರುಮಾಡಿದಾಗ ನಾನೇ ಬೇಡವೆಂದು ತಡೆದೆ. ಕಂಡಕ್ಟರ್ ಮತ್ತು ನಾನು ಕೆಲವು ಸಂಜೆ ದಾಳ ಹಾಕಿದೆವು. ಬರೀ ಲೆಕ್ಕ, ಮನೆ, ಮುಂದೆ, ಹಿಂದೆ. ಒಂದು ದಿನ ಅವರು, "ಇವತ್ತು ಸುಸ್ತು ಮಾರಾಯ್ರೆ," ಎಂದರು. ಮತ್ತೆ ಆಡಲು ಬರಲಿಲ್ಲ.

ಈಚೆಗೆ ಮಗಳು, "ಆ ಧಾರಾವಾಹಿಯನ್ನು ಫೋನಿನಲ್ಲೇ ಹುಡುಕಿ ಕೊಡ್ತೇನಪ್ಪ, ನೋಡಿ," ಎಂದಳು. ಬೇಡವೆಂದೆ. ಆ ಹಟ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನೋಡದೆಯೇ ನಾವು ಪಟ್ಟ ಸಂತೋಷ ಸಾಚಾ. ಆದರೆ ಅದರಲ್ಲಿ ಮುಕ್ಕಾಲುಪಾಲು ತಂದವಳನ್ನೇ ನಾನು ಎಬ್ಬಿಸಿ ಕಳಿಸಿದೆ.

ಆಮೇಲೆ ಅವಳು ಬಹಳ ವರ್ಷ ಅದೇ ಮನೆಯಲ್ಲಿದ್ದಳು. ನನಗೆ ಗಂಜಿ ಬಡಿಸಿದಳು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದಳು. ನಾನು ಪೇಟೆಯ ಸುದ್ದಿ ಹೇಳಿದರೆ ಕೇಳಿ ನಗುತ್ತಿದ್ದಳು. ತಾನಾಗಿ ಒಂದು ಕತೆಯನ್ನೂ ಮತ್ತೆ ಹೇಳಲಿಲ್ಲ. "ತಪ್ಪಾಯ್ತು, ಬಾ, ಕೂತುಕೋ" ಎಂದಿದ್ದರೆ ಸಾಕಿತ್ತು. ಅವಳು ತೀರಿಹೋದ ದಿನದವರೆಗೂ ಅಷ್ಟನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ನಾನು ಕೇಳದೆ ಉಳಿದ ಆ ಕ್ಷಮೆಯನ್ನು ಕೊಡಬಹುದಾಗಿದ್ದವಳು ಬೇರೆ ಯಾರೂ ಅಲ್ಲ, ನನ್ನ ಅಕ್ಕ.